ಜೈಸಲ್ಮೇರಿನಲ್ಲಿ ಒಂದು ಚಳಿಗಾಲ: ಕೋಟೆಗೆ ಹೋಗುವ ಮೊದಲು ಕೆರೆಗೆ ಹೋಗಿ

ಪ್ರಶ್ನೆ: ನಾನು, ನಮ್ಮ ಯಜಮಾನರು ಇಬ್ಬರೂ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಈ ಸಲ ಡಿಸೆಂಬರ್ ಕೊನೆಯಿಂದ ಒಂದು ತಿಂಗಳು ಜೈಸಲ್ಮೇರಿನಲ್ಲಿ ರೂಮು ಮಾಡಿಕೊಂಡು ಇರೋಣ ಅಂದುಕೊಂಡಿದ್ದೇವೆ. ಒಂಟೆ ಸವಾರಿ, ಮರಳಿನ ಮೇಲೆ ಟೆಂಟು ಇವೆಲ್ಲ ನಮಗೆ ಬೇಡ. ಊರಿನ ಚರಿತ್ರೆಯನ್ನು ನಿಧಾನವಾಗಿ ತಿಳಿದುಕೊಳ್ಳುವ ಆಸೆ. ಹುಡುಕಿದರೆ ಹತ್ತಿರದ ಪಾಳು ಊರು ಕುಲಧರಾದ ದೆವ್ವದ ಕಥೆಯೇ ಜಾಸ್ತಿ ಸಿಗುತ್ತದೆ. ಅದು ನಿಜವೇ? ಎಲ್ಲಿಂದ ಶುರು ಮಾಡಬೇಕು? ಕೋಟೆಯೊಳಗೇ ಉಳಿಯಬಹುದಾ? ಇಬ್ಬರಿಗೂ ಹಿಂದಿ ಓದಲು ಬರುತ್ತದೆ. ಯಜಮಾನರಿಗೆ ಮಂಡಿನೋವು.
– ಓದುಗರೊಬ್ಬರು, ಸಾಗರ

ಉತ್ತರ: ಒಂದು ತಿಂಗಳು ಇರುತ್ತೇವೆ ಅಂದಿರಲ್ಲ, ಅದೇ ನನಗೆ ಖುಷಿ ಕೊಟ್ಟ ಮಾತು. ಹೆಚ್ಚಿನವರು ಆ ಊರಿಗೆ ಎರಡು ದಿನ ಕೊಡುತ್ತಾರೆ. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಹವೇಲಿ, ಸಂಜೆ ಮರಳು ದಿಬ್ಬ, ಮುಗಿಯಿತು. ಹಾಗೆ ನೋಡಿದರೆ ಜೈಸಲ್ಮೇರ್ ಬರೀ ಹಳದಿ ಕಲ್ಲಿನ ಚಂದದ ಊರಾಗಿ ಉಳಿದುಬಿಡುತ್ತದೆ. ನಿಮಗೆ ಸಮಯವಿದೆ. ಹಾಗಾಗಿ ಬೇರೆ ದಾರಿ ಹೇಳುತ್ತೇನೆ. ನೀರನ್ನು ಹಿಡಿದುಕೊಂಡು ಹೋಗಿ. ಯಾವ ಕಟ್ಟಡ ನೋಡಿದರೂ, ಯಾವ ಕಥೆ ಕೇಳಿದರೂ, "ಇವರಿಗೆ ನೀರು ಎಲ್ಲಿಂದ ಬರುತ್ತಿತ್ತು?" ಅಂತ ಒಂದು ಪ್ರಶ್ನೆ ಹಾಕಿಕೊಳ್ಳಿ. ಆ ಊರಿನ ಚರಿತ್ರೆಯ ಮುಕ್ಕಾಲು ಪಾಲು ಅದರಲ್ಲೇ ಬಿಚ್ಚಿಕೊಳ್ಳುತ್ತದೆ.

ನೀವು ಸಾಗರದವರು. ನಿಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಜೈಸಲ್ಮೇರಿನಲ್ಲಿ ವರ್ಷಪೂರ್ತಿ ಬೀಳುವ ಮಳೆ ಸರಾಸರಿ 200 ಮಿಲಿಮೀಟರಿಗಿಂತ ಕಡಿಮೆ. ಆಗುಂಬೆಯಲ್ಲಿ ಜುಲೈ ತಿಂಗಳ ಒಂದೆರಡು ದಿನಕ್ಕೆ ಅಷ್ಟು ಸುರಿದುಬಿಡುತ್ತದೆ. ಅಷ್ಟು ನೀರಿನಲ್ಲೇ ಎಂಟು ನೂರು ವರ್ಷಕ್ಕೂ ಮೇಲ್ಪಟ್ಟು ಒಂದು ಊರು ಬದುಕಿದೆ. ವ್ಯಾಪಾರ ಮಾಡಿದೆ, ದೇವಸ್ಥಾನ ಕಟ್ಟಿದೆ, ಪುಸ್ತಕ ಕಾಪಾಡಿದೆ.

ಅದಕ್ಕೇ ಮೊದಲ ದಿನ ಕೋಟೆಗೆ ಹೋಗಬೇಡಿ, ಗಡಿಸರ್ ಕೆರೆಗೆ ಹೋಗಿ. 14ನೇ ಶತಮಾನದಲ್ಲಿ ರಾವಲ್ (ಇಲ್ಲಿನ ರಾಜರ ಬಿರುದು) ಗಡ್ಸಿ ಅದನ್ನು ಸರಿಮಾಡಿಸಿದ, ಅವನ ಹೆಸರೇ ನಿಂತಿತು. 1960ರ ದಶಕದವರೆಗೂ ಊರು ಕುಡಿಯುತ್ತಿದ್ದದ್ದು ಮುಖ್ಯವಾಗಿ ಇದೇ ನೀರನ್ನು. ಈಗ ಇಂದಿರಾ ಗಾಂಧಿ ಕಾಲುವೆಯ ನೀರು ಬಂದಿದೆ, ಕೆರೆಯಲ್ಲಿ ದೋಣಿ ಬಿಟ್ಟಿದ್ದಾರೆ. ದೋಣಿಯ ಗಲಾಟೆ ಶುರುವಾಗುವ ಮೊದಲು, ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಹೋಗಿ. ದಾರಿ ಸಮತಟ್ಟು, ಮಂಡಿಗೂ ತೊಂದರೆಯಿಲ್ಲ.

ಕೆರೆಯ ಬಾಗಿಲಿಗೆ ತಿಲೋನ್ ಕಿ ಪೋಲ್ ಎನ್ನುತ್ತಾರೆ. ತಿಲೋ ಎಂಬ ಹೆಸರಿನ ವೇಶ್ಯೆ ಇದನ್ನು ಕಟ್ಟಿಸಿದಳು ಅಂತ ಊರಿನ ಕಥೆ. ಅವಳು ಕಟ್ಟಿಸಿದ ಬಾಗಿಲಿನ ಕೆಳಗೆ ಹಾದು ರಾಜಮನೆತನದವರು ನೀರಿಗೆ ಬರುವುದೇ ಅಂತ ತಕರಾರು ಎದ್ದಿತಂತೆ. ಕೆಡವಲು ಆಗಬಾರದು ಅಂತ ಅವಳು ಬಾಗಿಲಿನ ಮೇಲೆ ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳಂತೆ. ಇದಕ್ಕೆ ದಾಖಲೆ ಕೇಳಬೇಡಿ, ಜನ ಹೇಳಿಕೊಂಡು ಬಂದದ್ದು. ಆದರೆ ಕಥೆಯ ಒಳಗೆ ಏನಿದೆ ನೋಡಿ. ಈ ಊರಲ್ಲಿ ನೀರಿನ ದಾರಿಗೆ ಬಾಗಿಲು ಕಟ್ಟಿಸುವುದು ಅಂದರೆ ಎಲ್ಲಕ್ಕಿಂತ ದೊಡ್ಡ ಪುಣ್ಯ, ಎಲ್ಲಕ್ಕಿಂತ ದೊಡ್ಡ ಗೌರವ. ಜಗಳ ನಡೆದದ್ದು ಆ ಗೌರವಕ್ಕೆ.

ಕೋಟೆಯ ಕಥೆಯೂ ನೀರಿನಿಂದಲೇ ಶುರುವಾಗುತ್ತದೆ. ಭಾಟಿ ರಜಪೂತರ ರಾಜಧಾನಿ ಮೊದಲು ಇದ್ದದ್ದು ಸುಮಾರು 15 ಕಿಲೋಮೀಟರ್ ದೂರದ ಲೋದ್ರವಾದಲ್ಲಿ. ಬಯಲಿನ ಊರು, ದಾಳಿಗೆ ಸುಲಭವಾಗಿ ಸಿಗುತ್ತಿತ್ತು. ರಾವಲ್ ಜೈಸಲ್ ಅದನ್ನು ಬಿಟ್ಟು ತ್ರಿಕೂಟ ಬೆಟ್ಟಕ್ಕೆ ಬಂದ. ಕೃಷ್ಣ ಅರ್ಜುನನ ಜೊತೆ ಇಲ್ಲಿಗೆ ಬಂದಿದ್ದಾಗ ಬಂಡೆಗೆ ಚಕ್ರ ಬೀಸಿ ನೀರು ತೆಗೆದ, ತನ್ನ ವಂಶದವನೊಬ್ಬ ಇಲ್ಲಿ ಕೋಟೆ ಕಟ್ಟುತ್ತಾನೆ ಅಂದ ಅಂತ ಐತಿಹ್ಯ. ಭಾಟಿಗಳು ತಮ್ಮನ್ನು ಯದುವಂಶದವರು ಅಂತ ಹೇಳಿಕೊಳ್ಳುತ್ತಾರೆ. ಆ ನೀರಿನ ಜಾಗವೆಂದು ಕೋಟೆಯೊಳಗೆ ಜೈಸಲು ಅನ್ನುವ ಬಾವಿ ತೋರಿಸುತ್ತಾರೆ. ಬೆಟ್ಟದ ಮೇಲೆ ಬಾವಿ ಇಲ್ಲದೆ ಕೋಟೆ ಕಟ್ಟುವುದು ಸಾಧ್ಯವೇ ಇರಲಿಲ್ಲ ಅಲ್ವಾ? ದೇವರನ್ನೇ ಕರೆತಂದು ಆ ಮಾತು ಹೇಳಿಸಿದ್ದಾರೆ.

ಊರು ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1155 ಎಂದಿದೆ, ಹೆಚ್ಚಿನವುಗಳಲ್ಲಿ 1156. ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿನ ಪರಂಪರೆ ಹೇಳುವುದು ವಿಕ್ರಮ ಸಂವತ್ 1212. ನಮ್ಮ ಕಡೆ ಶಾಸನಗಳಲ್ಲಿ ಶಕ ವರ್ಷ ಬರುತ್ತದೆ, 78 ಕೂಡಿಸುತ್ತೇವೆ. ಅಲ್ಲಿ ವಿಕ್ರಮ ಸಂವತ್‌ನಿಂದ 57 ಕಳೆಯಬೇಕು. ವರ್ಷ ಯಾವ ತಿಂಗಳಿಗೆ ಶುರುವಾಗುತ್ತದೆ ಎನ್ನುವುದರ ಮೇಲೆ ಒಂದು ವರ್ಷ ಆಚೀಚೆ ಆಗುತ್ತದೆ. ದೇವನಾಗರಿ ಅಂಕಿಗಳು ನಿಮಗೆ ಗೊತ್ತೇ ಇವೆ. ಇಷ್ಟು ಇದ್ದರೆ ಗೈಡ್ ಇಲ್ಲದೆಯೇ ನೀವು ಒಂದು ಕಲ್ಲಿನ ಮುಂದೆ ನಿಂತು ಅದರ ಕಾಲ ಲೆಕ್ಕ ಹಾಕಬಹುದು. ಇದಕ್ಕಿಂತ ಉಪಯೋಗದ ಸಲಹೆ ನನ್ನಲ್ಲಿ ಬೇರೆ ಇಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಎಲ್ಲಿ ಯಾವ ಸಂವತ್ ಕಂಡಿತು, ಯಾರ ಹೆಸರಿತ್ತು ಅಂತ ಬರೆದುಕೊಳ್ಳುತ್ತಾ ಹೋಗಿ.

ಈ ಓದುವಿಕೆಗೆ ಒಳ್ಳೆಯ ಜಾಗ ಬಡಾ ಬಾಗ್. ಊರಿನ ಉತ್ತರಕ್ಕೆ ಕೆಲವೇ ಕಿಲೋಮೀಟರ್. ರಾಜಮನೆತನದವರ ಸಮಾಧಿ ಛತ್ರಿಗಳು ಸಾಲಾಗಿ ನಿಂತಿವೆ, ಹಿಂದೆ ಗಾಳಿ ವಿದ್ಯುತ್ತಿನ ಕಂಬಗಳು ತಿರುಗುತ್ತಿರುತ್ತವೆ. ಹೆಚ್ಚಿನವರು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಛತ್ರಿಯ ಒಳಗೆ ಹೋಗಿ ನಿಲ್ಲಿಸಿರುವ ಕಲ್ಲು ನೋಡಿ. ಕುದುರೆ ಮೇಲೆ ರಾಜ, ಅವನ ಎದುರು ಕೈಮುಗಿದು ನಿಂತ ಹೆಂಗಸರು, ಕೆಳಗೆ ಬರಹ. ಆ ಹೆಂಗಸರು ಅವನ ಜೊತೆ ಚಿತೆ ಏರಿದವರು. ನಮ್ಮ ಊರುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು ನೋಡಿದವರಿಗೆ ಇದು ಕೂಡಲೇ ಗುರುತು ಸಿಗುತ್ತದೆ. ನಮ್ಮ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಅಲ್ಲಿ ಒಂದೇ ಚಿತ್ರದಲ್ಲಿ ಎಲ್ಲ ಮುಗಿಯುತ್ತದೆ. ಎಷ್ಟು ಹೆಂಗಸರ ಚಿತ್ರವಿದೆ ಅಂತ ಎಣಿಸುವಾಗ ಮನಸ್ಸು ಭಾರವಾಗುತ್ತದೆ. ಆಗಲಿ, ಎಣಿಸಿ. ಅವರ ಹೆಸರುಗಳೂ ಕೆಲವು ಕಲ್ಲುಗಳಲ್ಲಿ ಇವೆ. ಆ ಹೆಸರುಗಳನ್ನು ಓದುವವರು ತುಂಬಾ ಕಡಿಮೆ. ಅಂದಹಾಗೆ, ಬಡಾ ಬಾಗ್ ಕೂಡ ಶುರುವಾದದ್ದು ನೀರಿನಿಂದಲೇ. 16ನೇ ಶತಮಾನದಲ್ಲಿ ಅಲ್ಲಿ ಒಡ್ಡು ಕಟ್ಟಿಸಿ ಕೆರೆ ಮಾಡಿದರು, ಅದರ ಕೆಳಗೆ ತೋಟ ಬಂತು.

ಈಗ ಕುಲಧರಾಕ್ಕೆ ಬರೋಣ.

ನೀವು ಕೇಳಿರುವ ಕಥೆ ಹೀಗಿರಬೇಕು: ಪಾಲಿವಾಲ ಬ್ರಾಹ್ಮಣರ 84 ಊರುಗಳಿದ್ದವು. ದಿವಾನ ಸಾಲಿಮ್ ಸಿಂಗ್ ಒಂದು ಹುಡುಗಿಯ ಮೇಲೆ ಕಣ್ಣು ಹಾಕಿದ. ಮರ್ಯಾದೆ ಉಳಿಸಿಕೊಳ್ಳಲು ಎಲ್ಲ ಊರಿನವರೂ ಒಂದೇ ರಾತ್ರಿ ಖಾಲಿ ಮಾಡಿದರು, ಮತ್ತೆ ಯಾರೂ ಇಲ್ಲಿ ಬಾಳಬಾರದು ಅಂತ ಶಾಪ ಹಾಕಿ ಹೋದರು. ಕೇಳಲು ಮೈ ಜುಮ್ಮೆನ್ನುತ್ತದೆ. ಆದರೆ ಅಂಕಿಗಳು ಬೇರೆಯೇ ಹೇಳುತ್ತವೆ. ಅಲ್ಲಿ 400ಕ್ಕೂ ಹೆಚ್ಚು ಕಟ್ಟಡಗಳ ಅವಶೇಷ ಇದೆ. ಅದರ ಮೇಲೆ ಲೆಕ್ಕ ಹಾಕಿ, ಊರು ತುಂಬಿದ್ದ ಕಾಲದಲ್ಲಿ ಸುಮಾರು 1,600 ಜನ ಇದ್ದಿರಬಹುದು ಎಂದು ಅಧ್ಯಯನ ಮಾಡಿದವರು ಅಂದಾಜಿಸಿದ್ದಾರೆ. ರಾಜಸ್ಥಾನದ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ಜೇಮ್ಸ್ ಟಾಡ್ 1815ರ ಹೊತ್ತಿಗೆ ಕೊಟ್ಟ ಲೆಕ್ಕದಲ್ಲಿ 200 ಮನೆ, 800 ಜನ. 1890ರ ಹೊತ್ತಿಗೆ ಉಳಿದವರು 37 ಮಂದಿ. ಒಂದು ರಾತ್ರಿಯಲ್ಲಿ ಖಾಲಿಯಾದ ಊರಿನಲ್ಲಿ ಎಪ್ಪತ್ತು ವರ್ಷ ಆದ ಮೇಲೂ 37 ಜನ ಇರುವುದಿಲ್ಲ. ಊರು ನಿಧಾನವಾಗಿ ಬರಿದಾಗಿದೆ.

ಯಾಕೆ ಬರಿದಾಯಿತು? ಬಾವಿಗಳು ಒಂದೊಂದಾಗಿ ಬತ್ತಿದ್ದು ದೊಡ್ಡ ಕಾರಣ. ಮಳೆ ನೀರು ಕಡಿಮೆಯಾಗಿ ಬೆಳೆ ಇಳಿಯಿತು, ಕಂದಾಯ ಇಳಿಯಲಿಲ್ಲ. ಇಲ್ಲಿ ಸಾಲಿಮ್ ಸಿಂಗ್ ಮತ್ತೆ ಬರುತ್ತಾನೆ. ಅವನ ವಸೂಲಿಯ ಕ್ರೌರ್ಯವನ್ನು ಟಾಡ್ ಕೂಡ ಕಟುವಾಗಿ ಬರೆದಿದ್ದಾನೆ. ಭೂಕಂಪವೂ ಕಾರಣವಿರಬಹುದು ಅಂತ ಭೂವಿಜ್ಞಾನಿಗಳು ಕೆಡೆದ ಗೋಡೆಗಳನ್ನು ನೋಡಿ ಹೇಳಿದ್ದಾರೆ. ಹಾಗಾಗಿ ಜನರ ಕಥೆಯನ್ನು ಸುಳ್ಳು ಅಂತ ತಳ್ಳಿಹಾಕಬೇಡಿ. ವರ್ಷಗಟ್ಟಲೆ ನಡೆದ ಹಿಂಸೆಯನ್ನು ಜನ ಒಂದು ರಾತ್ರಿಯ ಕಥೆಯಾಗಿ ನೆನಪಿಟ್ಟುಕೊಂಡಿದ್ದಾರೆ. ಹುಡುಗಿ ಇದ್ದಳೋ ಇಲ್ಲವೋ, ವಸೂಲಿ ಮಾಡುವವನು ಇದ್ದದ್ದು ನಿಜ. ನನಗೆ ಬೇಸರವಾಗುವುದು ದೆವ್ವದ ಮಾತಿನಿಂದ. ಅಷ್ಟು ಜಾಣತನದಿಂದ ಮರುಭೂಮಿಯಲ್ಲಿ ಗೋಧಿ ಬೆಳೆದ ಜನರನ್ನು ದೆವ್ವ ಮಾಡಿಬಿಟ್ಟರೆ ಅವರ ಕೆಲಸವೆಲ್ಲ ಮರೆತುಹೋಗುತ್ತದೆ.

ಹೌದು, ಗೋಧಿ. ಅದನ್ನು ನೋಡಲು ಚಳಿಗಾಲವೇ ಸರಿಯಾದ ಕಾಲ. ಪಾಲಿವಾಲರ ನಿಜವಾದ ಸ್ಮಾರಕ ಖಡೀನ್. ಸುತ್ತಲಿನ ಕಲ್ಲುನೆಲದ ಮೇಲೆ ಬಿದ್ದ ಮಳೆ ಹರಿದು ಒಂದು ತಗ್ಗಿಗೆ ಬರುವಂತೆ ನೋಡಿಕೊಂಡು, ತಗ್ಗಿನ ಕೊನೆಯಲ್ಲಿ ಉದ್ದನೆಯ ಮಣ್ಣಿನ ಒಡ್ಡು ಹಾಕುತ್ತಾರೆ. ಮಳೆಗಾಲದಲ್ಲಿ ಅದು ಕೆರೆ. ನೀರು ನೆಲಕ್ಕೆ ಇಳಿಯುತ್ತದೆ, ಜೊತೆಗೆ ಬಂದ ಮೆಕ್ಕಲು ಮಣ್ಣು ತಳದಲ್ಲಿ ಕೂರುತ್ತದೆ. ಹೆಚ್ಚಾದ ನೀರನ್ನು ತೂಬಿನಿಂದ ಬಿಟ್ಟು, ಆ ಹಸಿ ನೆಲದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಆಮೇಲೆ ಒಂದು ಹನಿ ನೀರು ಹಾಯಿಸುವುದಿಲ್ಲ. ನೆಲದೊಳಗಿನ ತೇವವೇ ಬೆಳೆಯನ್ನು ಕೊನೆ ಮುಟ್ಟಿಸುತ್ತದೆ. ಹಿಂದಿನ ಮಳೆಗಾಲ ಚೆನ್ನಾಗಿ ಆಗಿದ್ದರೆ, ಕುಲಧರಾದಿಂದ ಖಾಭಾ ಕಡೆ ಹೋಗುವಾಗ ಜನವರಿಯಲ್ಲಿ ಒಣ ಕಲ್ಲುಭೂಮಿಯ ನಡುವೆ ಇದ್ದಕ್ಕಿದ್ದಂತೆ ಹಸಿರು ಹೊಲ ಕಾಣುತ್ತದೆ. ಟ್ಯಾಕ್ಸಿಯವರಿಗೆ "ಖಡೀನ್ ತೋರಿಸಿ" ಅನ್ನಿ. ಒಡ್ಡಿನ ಮೇಲೆ ನಿಂತು ನೋಡಿ, ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡು.

ಕುಲಧರಾದ ಸ್ಮಶಾನದ ಕಡೆಗೂ ಒಂದು ಸುತ್ತು ಹಾಕಿ. ಅಲ್ಲಿ ದೇವಳಿ ಅನ್ನುವ ಸ್ಮಾರಕ ಕಲ್ಲುಗಳಿವೆ. ಅದರಲ್ಲಿ ಎರಡು 1235 ಮತ್ತು 1238ರಲ್ಲಿ ಸತ್ತವರ ಹೆಸರು ಹೇಳುತ್ತವೆ. ವರ್ಷವನ್ನು ಭಾಟಿಕ ಸಂವತ್‌ನಲ್ಲಿ ಕೊಟ್ಟಿದೆ. ಇದು ಜೈಸಲ್ಮೇರ್ ಸೀಮೆಯದೇ ಲೆಕ್ಕ, ಕ್ರಿ.ಶ. 623ರ ಸುಮಾರಿಗೆ ಶುರುವಾಗುತ್ತದೆ. ಅಂದರೆ ಊರು ಖಾಲಿಯಾಗುವ ಮೊದಲು ಆರು ನೂರು ವರ್ಷ ಜನ ಇಲ್ಲಿ ಬಾಳಿ, ಬೆಳೆದು, ಸತ್ತಿದ್ದಾರೆ. ಗೈಡ್‌ಗಳು ಕೊನೆಯ ಒಂದು ರಾತ್ರಿಯನ್ನು ಮಾತ್ರ ಹೇಳುತ್ತಾರೆ.

ಊರಿಗೆ ವಾಪಸು ಬಂದರೆ ಹವೇಲಿಗಳು. ಇವುಗಳ ಬಗ್ಗೆ ಎಲ್ಲ ಕಡೆ ಬರೆದಿರುವುದರಿಂದ ಹೆಚ್ಚು ಹೇಳುವುದಿಲ್ಲ. ಪಟ್ವೋಂ ಕಿ ಹವೇಲಿಯನ್ನು 1805ರಲ್ಲಿ ಗುಮಾನ್‌ಚಂದ್ ಪಟ್ವಾ ಶುರು ಮಾಡಿದ, ಐದು ಮಕ್ಕಳಿಗೆ ಐದು ಮನೆ. ಜರಿ, ಅಫೀಮು, ಬಡ್ಡಿ ವ್ಯವಹಾರದ ದುಡ್ಡು. ಸಿಂಧ್ ಕಡೆಗೆ ಹೋಗುವ ಒಂಟೆ ಸಾಲುಗಳು ಈ ಊರನ್ನು ಹಾದು ಹೋಗುತ್ತಿದ್ದವು, ಆ ಸುಂಕದಲ್ಲೇ ರಾಜ್ಯ ನಡೆಯುತ್ತಿತ್ತು. ಮುಂಬಯಿ ಬಂದರು ಬೆಳೆದ ಮೇಲೆ, ರೈಲು ಬೇರೆ ದಾರಿ ಹಿಡಿದ ಮೇಲೆ ವ್ಯಾಪಾರ ಸೊರಗಿತು. 1947ರಲ್ಲಿ ಸಿಂಧ್ ಪಾಕಿಸ್ತಾನಕ್ಕೆ ಸೇರಿ ಆ ದಾರಿಯೇ ಮುಚ್ಚಿಹೋಯಿತು. ಕಲ್ಲು ಕೆತ್ತುವ ಸಿಲಾವಟರು ಮುಸ್ಲಿಮರು. ಅವರಲ್ಲಿ ಅನೇಕರು ಅದಕ್ಕೂ ಮೊದಲೇ ಕರಾಚಿಗೆ ಕೆಲಸಕ್ಕೆ ಹೋಗಿ ನೆಲೆಸಿದ್ದರು.

ಒಂದೇ ಹವೇಲಿಗೆ ಸಮಯ ಕೊಡುವುದಾದರೆ ನಥ್‌ಮಲ್ ಹವೇಲಿಗೆ ಕೊಡಿ. 1885ರದ್ದು. ಹಾಥಿ, ಲಾಲು ಎಂಬ ಅಣ್ಣತಮ್ಮಂದಿರು ಎಡ ಬಲ ಹಂಚಿಕೊಂಡು ಕೆತ್ತಿದರು ಅಂತ ಹೇಳುತ್ತಾರೆ. ದೂರದಿಂದ ಎರಡು ಕಡೆ ಒಂದೇ. ಹತ್ತಿರ ಹೋಗಿ ಒಂದು ಕಿಟಕಿಯನ್ನು ಇನ್ನೊಂದು ಕಡೆಯ ಜೋಡಿ ಕಿಟಕಿಗೆ ಹೋಲಿಸಿ ನೋಡಿ. ಬಳ್ಳಿ ಬೇರೆ, ಹೂವು ಬೇರೆ. ಗೋಡೆಯಲ್ಲಿ ಒಂದು ರೈಲನ್ನೂ ಹುಡುಕಿ. ಜೈಸಲ್ಮೇರಿಗೆ ರೈಲು ಬಂದದ್ದು 1960ರ ದಶಕದ ಕೊನೆಗೆ. ಕೆತ್ತಿದವರು ರೈಲು ನೋಡಿರಲಿಲ್ಲ, ಕೇಳಿದ್ದನ್ನು ಕಲ್ಲಿಗೆ ಇಳಿಸಿದರು ಎನ್ನುತ್ತಾರೆ. ಯಜಮಾನರಿಗೆ ಇದು ಹಿಡಿಸುತ್ತದೆ, ಮೆಟ್ಟಿಲು ಹತ್ತಬೇಕಿಲ್ಲ, ರಸ್ತೆಯಲ್ಲೇ ನಿಂತು ನೋಡಬಹುದು.

ಕೋಟೆಯೊಳಗಿನ ಜೈನ ಬಸದಿಗಳಿಗೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಹೊರಗಿನವರಿಗೆ ಮುಚ್ಚುತ್ತಾರೆ. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ. ಅಲ್ಲಿ 15ನೇ ಶತಮಾನದಲ್ಲಿ ಜಿನಭದ್ರಸೂರಿಗಳು ಸ್ಥಾಪಿಸಿದ ಜ್ಞಾನಭಂಡಾರ ಇದೆ. ತಾಳೆಗರಿಯ ಹಸ್ತಪ್ರತಿಗಳು, ಅವುಗಳಲ್ಲಿ 11ನೇ ಶತಮಾನದ್ದೂ ಇದೆ. ತಾಳೆ ಮರವೇ ಇಲ್ಲದ ಊರಿನಲ್ಲಿ ತಾಳೆಗರಿ! ದಾಳಿಗಳ ಕಾಲದಲ್ಲಿ ಗುಜರಾತಿನ ಪಾಟಣ್ ಕಡೆಯಿಂದ ಇಂಥ ಪ್ರತಿಗಳನ್ನು ಈ ದೂರದ ಕೋಟೆಗೆ ಸಾಗಿಸಿ ಇಟ್ಟರು. ನೀರಿಲ್ಲದಿರುವುದು ಇಲ್ಲೊಂದೇ ಕಡೆ ಅನುಕೂಲವಾಯಿತು. ಒಣ ಗಾಳಿಯಲ್ಲಿ ಗರಿ ಉಳಿದುಕೊಂಡಿತು. ನಮ್ಮ ಮೂಡುಬಿದಿರೆಯಲ್ಲಿ ಧವಳಾ, ಜಯಧವಳಾ ಎಂಬ ಜೈನ ಗ್ರಂಥಗಳನ್ನು ಅಷ್ಟು ಮಳೆಯ ನಡುವೆ ಕಾಪಾಡಿದವರನ್ನು ಅಲ್ಲಿ ನಿಂತಾಗ ನೆನೆಯದೆ ಇರಲು ನನಗೆ ಆಗುವುದಿಲ್ಲ.

ಬಸದಿಯಿಂದ ಬರುವಾಗ ಮುಖ್ಯ ದಾರಿ ಬಿಟ್ಟು ಓಣಿಗಳಲ್ಲಿ ನಡೆಯಿರಿ. ಮನೆಗಳ ಬಾಗಿಲ ಪಕ್ಕ ಗೋಡೆಯ ಮೇಲೆ ಗಣೇಶನ ಚಿತ್ರ ಬರೆದು, ಕೆಳಗೆ ಮದುವೆ ಹುಡುಗ ಹುಡುಗಿಯ ಹೆಸರು, ತಾರೀಖು ಬರೆದಿರುತ್ತಾರೆ. ಆ ಮನೆಯಲ್ಲಿ ನಡೆದ ಮದುವೆಯ ಕರೆಯೋಲೆ ಅದು. ಮುಂದಿನ ಮದುವೆಯ ತನಕ ಹಾಗೇ ಇರುತ್ತದೆ. ಕೆಲವು ಹೊಸ ಬಣ್ಣದವು, ಕೆಲವು ಮಾಸಿ ಗಣೇಶನ ಸೊಂಡಿಲಷ್ಟೇ ಉಳಿದವು. ಯಾವ ಮನೆಯಲ್ಲಿ ಮಕ್ಕಳು ಊರಲ್ಲೇ ಇದ್ದಾರೆ, ಯಾವ ಮನೆಯವರು ಹೊರಗೆ ಹೋಗಿದ್ದಾರೆ ಅಂತ ಗೋಡೆ ನೋಡಿದರೆ ಅಂದಾಜಾಗುತ್ತದೆ. ಅಂಥ ಮನೆ ಮುಂದೆ ಬಿಸಿಲು ಕಾಯಿಸುತ್ತಾ ಅಜ್ಜಿಯರು ಕೂತಿರುತ್ತಾರೆ. "ಖಮ್ಮಾ ಘಣಿ" ಅಂತ ಕೈಮುಗಿದು, "ಗಡಿಸರ್‌ನಿಂದ ನೀರು ಹೊತ್ತದ್ದು ನಿಮಗೆ ನೆನಪಿದೆಯಾ?" ಅಂತ ಕೇಳಿ. ಯುದ್ಧ, ರಾಜರ ಬಗ್ಗೆ ಕೇಳಿದರೆ ಪುಸ್ತಕದಲ್ಲಿರುವುದನ್ನೇ ಹೇಳುತ್ತಾರೆ. ನೀರಿನ ಬಗ್ಗೆ ಕೇಳಿದರೆ ತಮ್ಮ ಮಾತು ಹೇಳುತ್ತಾರೆ. ನೀವು ಜೊತೆಗಿದ್ದರೆ ಹೆಂಗಸರ ಜೊತೆ ಮಾತು ಸುಲಭ. ಈ ಕೆಲಸ ನಿಮ್ಮದು.

ಹಾಡುವ ಮಾಂಗಣಿಯಾರರನ್ನೂ ಹೋಟೆಲಿನ ಅಂಗಳದಲ್ಲಿ ಕೇಳಿ ಬಿಟ್ಟುಬಿಡಬೇಡಿ. ಇವರು ಮುಸ್ಲಿಮರು, ಇವರನ್ನು ಪೋಷಿಸುವ ಮನೆಗಳಲ್ಲಿ ಹೆಚ್ಚಿನವು ರಜಪೂತರವು. ತಲೆತಲಾಂತರದಿಂದ ಆ ಮನೆಗಳ ಹುಟ್ಟು, ಮದುವೆಗೆ ಹಾಡುತ್ತಾರೆ, ವಂಶಾವಳಿಯನ್ನು ಬಾಯಲ್ಲಿ ಇಟ್ಟುಕೊಂಡಿರುತ್ತಾರೆ. ಹಮೀರಾ ಊರಿನ ಸಾಕರ್ ಖಾನ್ ಅವರ ಕಮಾಯಚಾ ಎಂಬ ತಂತಿವಾದ್ಯದ ವಾದನಕ್ಕೆ 2012ರಲ್ಲಿ ಪದ್ಮಶ್ರೀ ಬಂತು. ಹಾಡು ಮುಗಿದ ಮೇಲೆ ಶುಭರಾಜ್ ಹೇಳಿ ಅಂತ ಕೇಳಿ. ಪೋಷಿಸುವ ಮನೆಯವರ ವಂಶವನ್ನು ಹೊಗಳುತ್ತಾ ಒಂದೇ ಉಸಿರಿನಲ್ಲಿ ಹೆಸರು ಹೇಳುತ್ತಾ ಹೋಗುತ್ತಾರೆ. ಬರವಣಿಗೆ ಇಲ್ಲದ ಚರಿತ್ರೆ ಹೇಗಿರುತ್ತದೆ ಅಂತ ಆಗ ಕಿವಿಯಲ್ಲೇ ಗೊತ್ತಾಗುತ್ತದೆ.

ಊಟದಲ್ಲಿ ಕೇರ್ ಸಾಂಗ್ರಿ ಬರುತ್ತದೆ. ಸಾಂಗ್ರಿ ಅಂದರೆ ನಮ್ಮ ಬನ್ನಿ ಮರದ ಕಾಯಿ. ಒಣಗಿಸಿಟ್ಟು ಬರಗಾಲದಲ್ಲಿ ತಿಂದು ಜೀವ ಹಿಡಿದ ಊಟ ಅದು, ಈಗ ದುಬಾರಿ ಪಲ್ಯ.

ಗೈಡ್‌ಗಳು ಹೇಳದ ಇನ್ನೊಂದು ಹೆಸರನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಸಾಗರ್‌ಮಲ್ ಗೋಪಾ. ಜೈಸಲ್ಮೇರಿನ ರಾಜಾಡಳಿತದ ದಬ್ಬಾಳಿಕೆಯನ್ನು ಬರೆದು ಬಯಲು ಮಾಡಿದವರು. 1941ರಲ್ಲಿ ಊರಿಗೆ ಬಂದಾಗ ಹಿಡಿದು ಜೈಲಿಗೆ ಹಾಕಿದರು. 1946ರ ಏಪ್ರಿಲ್‌ನಲ್ಲಿ ಜೈಲಿನಲ್ಲೇ ಮೈ ಸುಟ್ಟು ಸತ್ತರು. ಹವೇಲಿ, ಛತ್ರಿಗಳ ನಡುವೆ ಇವರನ್ನು ಮರೆತರೆ ಊರಿನ ಚರಿತ್ರೆ ಅರ್ಧವೇ ಆಯಿತು. ಇಂದಿರಾ ಗಾಂಧಿ ಕಾಲುವೆಯ ಒಂದು ಶಾಖೆಗೆ ಅವರ ಹೆಸರಿಟ್ಟಿದ್ದಾರೆ. ಆ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ತೋಚುವುದಿಲ್ಲ.

ಕೊನೆಗೆ, ಕೋಟೆಯೊಳಗೆ ಉಳಿಯುವ ವಿಷಯ. ದಯವಿಟ್ಟು ಬೇಡ. ಇದು ಮಂಡಿನೋವಿಗೆ ಹೇಳುವ ಮಾತಲ್ಲ, ಆ ಇಳಿಜಾರಿನ ಕಲ್ಲುಹಾಸು ಸವೆದು ಜಾರುತ್ತದೆ ಅನ್ನುವುದೂ ನಿಜವೇ ಆದರೂ. ಈ ಕೋಟೆ ನಿಂತಿರುವ ಬೆಟ್ಟದ ಮರಳುಗಲ್ಲಿನ ನಡುವೆ ಮೆತ್ತನೆಯ ಜೇಡಿ ಪದರಗಳಿವೆ. ನೀರನ್ನು ಕೊಡದಲ್ಲಿ ಹೊತ್ತು ತರುತ್ತಿದ್ದ ಕಾಲದಲ್ಲಿ ಯಾರೂ ಒಂದು ಚೊಂಬು ಜಾಸ್ತಿ ಚೆಲ್ಲುತ್ತಿರಲಿಲ್ಲ. ನಲ್ಲಿ ಬಂತು, ಮನೆಗಳು ಹೋಟೆಲಾದವು, ಬಚ್ಚಲ ನೀರು ಹಳೆ ಚರಂಡಿಗಳಿಂದ ಸೋರಿ ಬೆಟ್ಟದೊಳಗೆ ಇಳಿಯಿತು. ಗೋಡೆಗಳು ಬಾಯಿಬಿಟ್ಟವು, ಕೆಲವು ಬುರುಜುಗಳು ಕುಸಿದವು. 1996ರಲ್ಲಿ ವಿಶ್ವ ಸ್ಮಾರಕ ನಿಧಿ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಆಮೇಲೆ ಚರಂಡಿ, ಗೋಡೆಗಳ ದುರಸ್ತಿ ನಡೆದಿದೆ. 2013ರಲ್ಲಿ ರಾಜಸ್ಥಾನದ ಇನ್ನೈದು ಬೆಟ್ಟದ ಕೋಟೆಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೂ ಬಂತು. ಒಳಗೆ ಇವತ್ತೂ ಸಾವಿರಾರು ಜನ ಬದುಕುತ್ತಿದ್ದಾರೆ, ಅದು ಅವರ ಮನೆ, ಅವರಿಗೆ ನೀರು ಬೇಕೇ ಬೇಕು. ನಾವು ಹೊರಗಿನವರು ಒಂದು ತಿಂಗಳು ಅಲ್ಲಿ ಸ್ನಾನ ಮಾಡುವುದು ಬೇಕಿಲ್ಲ.

ಗಾಂಧಿ ಚೌಕದ ಸುತ್ತ ಅಥವಾ ಗಡಿಸರ್ ದಾರಿಯಲ್ಲಿ ಒಳ್ಳೆಯ ರೂಮುಗಳು ಸಿಗುತ್ತವೆ. ನೆಲಮಹಡಿಯದೇ ಕೇಳಿ, ಬಿಸಿಲು ಬೀಳುವ ಅಂಗಳ ಇದೆಯಾ ನೋಡಿಕೊಳ್ಳಿ. ಜನವರಿ ರಾತ್ರಿಗಳಲ್ಲಿ ಕಲ್ಲಿನ ಗೋಡೆ ವಿಪರೀತ ಥಂಡಿ, ಸ್ವೆಟರು, ಉಣ್ಣೆ ಕಾಲುಚೀಲ ಮರೆಯಬೇಡಿ. ಕೋಟೆಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಕೆಳಗೆ ಬಂದುಬಿಡಿ.